ಜಗಲಿಯ ಮೇಲಣ ಲೆಕ್ಕಗಳು

ನಮ್ಮ ಭಾಷೆಯಲ್ಲಿ 'ಲೆಕ್ಕ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅಂಗಡಿಯ ವಹಿಯಲ್ಲಿ ಬರೆದಿಡುವ ಜಮಾಖರ್ಚೂ ಲೆಕ್ಕವೇ. ಶಾಲೆಯ ಹುಡುಗನು ಪಾಟಿಯ ಮೇಲೆ ಬಿಡಿಸುವ ಸಮಸ್ಯೆಯೂ ಲೆಕ್ಕವೇ. ಮೊದಲನೆಯದನ್ನು ಯಾರೂ ನೆರೆಯವನಿಗೆ ತೋರಿಸಲಾರರು. ಎರಡನೆಯದಾದರೋ ನೆರೆಯವನಿಗೆ ತೋರಿಸಿದ ಹೊರತು ರುಚಿಸದು. ಒಳ್ಳೆಯದೊಂದು ಲೆಕ್ಕ ಸಿಕ್ಕಿದವನ ಅವಸ್ಥೆಯು ಹೊಸ ಒಗಟನ್ನು ಕೇಳಿಬಂದ ಬಾಲಕನ ಅವಸ್ಥೆಯೇ ಸರಿ. ಮತ್ತೊಬ್ಬನ ಮುಂದೆ ಅದನ್ನು ಇಡುವವರೆಗೂ ಅವನಿಗೆ ಸಮಾಧಾನವಿಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆಯೂ ನನಗೆ ಈ ಚಾಳಿ ಬಿಟ್ಟಿಲ್ಲವೆಂದರೆ ವಾಚಕರು ನಗಬಾರದು.

ಭಟ್ಕಳದ ಪೇಟೆಯಿಂದ ತುಸು ದೂರದಲ್ಲಿರುವ ನಮ್ಮ ಮನೆಯ ಜಗಲಿಗೆ ಪ್ರತಿ ರವಿವಾರ ಸಾಯಂಕಾಲ ಏಳೆಂಟು ಮಕ್ಕಳು ಬರುತ್ತಾರೆ. ಎಲ್ಲರೂ ಆರರಿಂದ ಎಂಟನೆಯ ಇಯತ್ತೆಯೊಳಗಿನವರು. ಕೆಲವರು ಕನ್ನಡ ಶಾಲೆಯವರು, ಕೆಲವರು ಉರ್ದು ಶಾಲೆಯವರು, ಉಳಿದವರು ಇಂಗ್ಲಿಷ್ ಮಾಧ್ಯಮದವರು. ಮನೆಯಲ್ಲಿ ಒಬ್ಬನ ಮಾತು ಕನ್ನಡ, ಒಬ್ಬನದು ಕೊಂಕಣಿ, ಇನ್ನೊಬ್ಬನದು ನವಾಯತಿ. ಮಗ್ಗಿಯನ್ನು ಮಾತ್ರ ಪ್ರತಿಯೊಬ್ಬನೂ ತನ್ನ ತನ್ನ ಮಾತಿನಲ್ಲಿಯೇ ಗೊಣಗುವನು. ಗೋಡೆಗೆ ಒಂದು ಕರಿಹಲಗೆಯನ್ನು ತೂಗಹಾಕಿರುವೆನು. ವಾರಕ್ಕೆ ಒಂದೇ ಲೆಕ್ಕ; ನಿಯಮವೂ ಒಂದೇ. ಉತ್ತರ ತಿಳಿದವನು ಉತ್ತರವನ್ನು ಹೇಳಕೂಡದು. ಹೇಳದೆ ಇರಲಾರೆನೆಂದು ತೋರಿದರೆ ದಾರಿಯನ್ನು ಹೇಳಬೇಕು, ಇಲ್ಲವೆ ಅದೇ ಜಾತಿಯ ಹೊಸ ಲೆಕ್ಕವೊಂದನ್ನು ಕಟ್ಟಿ ಹಲಗೆಯ ಮೇಲೆ ಬರೆಯಬೇಕು.

ಈ ನಿಯಮವು ಕಠೋರವೆಂದು ಮಕ್ಕಳ ತಂದೆತಾಯಿಗಳು ಆಗಾಗ ಆಕ್ಷೇಪಿಸುವುದುಂಟು. ಆದರೆ ಇಂದಿನ ದಿವಸ ಉತ್ತರಕ್ಕೇನು ಬರಗಾಲ? ಲೆಕ್ಕದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದರೆ ಸಾಕು, ಉತ್ತರವು ಮೆಟ್ಟಿಲು ಮೆಟ್ಟಿಲಾಗಿ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ ಮಾರುವ ಗೈಡುಗಳಲ್ಲಿ ಪ್ರಶ್ನೆಗಿಂತ ಉತ್ತರವೇ ದಪ್ಪ ಅಕ್ಷರದಲ್ಲಿರುತ್ತದೆ. ದುರ್ಲಭವಾದುದು ಉತ್ತರವಲ್ಲ, ಒಂದು ಲೆಕ್ಕವನ್ನು ಮೂರು ದಿವಸ ಮನಸ್ಸಿನಲ್ಲಿ ಹೊತ್ತು ತಿರುಗುವ ಅವಕಾಶ. ಉತ್ತರವನ್ನು ಕೊಟ್ಟವನು ಆ ಅವಕಾಶವನ್ನು ಕಸಿದುಕೊಂಡಂತೆಯೇ; ಲೆಕ್ಕವನ್ನು ಕೊಟ್ಟವನು ಅದನ್ನು ದಾನ ಮಾಡಿದಂತೆ.

ಇದು ನಾನು ಹೊಸದಾಗಿ ಕಂಡುಹಿಡಿದ ತತ್ತ್ವವೇನೂ ಅಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ 'ಲೀಲಾವತಿ'ಯನ್ನು ತೆರೆದು ನೋಡಿರಿ. ಅಲ್ಲಿ ಲೆಕ್ಕವು ಬರಿದೆ ನಿಂತಿಲ್ಲ. ಒಬ್ಬ ಬಾಲೆಯನ್ನೋ ಗೆಳೆಯನನ್ನೋ ಕರೆದು, ಹೇಳು ನೋಡೋಣವೆಂದು ಎದುರಿಗೆ ಇಟ್ಟಂತಿದೆ. ದುಂಬಿಗಳ ಹಿಂಡಿನಲ್ಲಿ ಐದರಲ್ಲೊಂದು ಪಾಲು ಕದಂಬಕ್ಕೂ, ಮೂರರಲ್ಲೊಂದು ಪಾಲು ಶಿಲೀಂಧ್ರಕ್ಕೂ, ಆ ಎರಡು ಪಾಲುಗಳ ಅಂತರದ ಮೂರು ಪಟ್ಟು ಕುಟಜಕ್ಕೂ ಹಾರಿಹೋಗಿ, ಕೇದಗೆಗೂ ಮಾಲತಿಗೂ ನಡುವೆ ಒಂದೇ ಒಂದು ಸುಳಿದಾಡುತ್ತ ಉಳಿದರೆ ಒಟ್ಟು ದುಂಬಿಗಳೆಷ್ಟು ಎಂಬ ಲೆಕ್ಕವು ಅದರಲ್ಲಿ ಪ್ರಸಿದ್ಧವಾದುದು. ಮಲ್ಲಿಗೆಗೆ ಹೆಸರಾದ ನಮ್ಮೂರಿನ ಮಕ್ಕಳಿಗೆ ಇದನ್ನು ಹೇಳಿದಾಗ ಆರನೆಯ ಇಯತ್ತೆಯ ಬಾಲಕನೊಬ್ಬನು, "ಆ ಒಂದು ದುಂಬಿ ಕೊನೆಗೆ ಯಾವ ಹೂವಿಗೆ ಹೋಯಿತು ಅಜ್ಜಾ?" ಎಂದು ಕೇಳಿದನು. ಹದಿನೈದೆಂಬ ಉತ್ತರಕ್ಕಿಂತ ಈ ಪ್ರಶ್ನೆಯೇ ನನಗೆ ಹೆಚ್ಚು ಹಿಡಿಸಿತು. (ಆ ಉತ್ತರವು ಎಂಟುನೂರು ವರ್ಷಗಳಿಂದಲೂ ಬಯಲಾಗಿರುವುದರಿಂದ ಇಲ್ಲಿ ನಿಯಮಭಂಗವಾಯಿತೆಂದು ಯಾರೂ ತಿಳಿಯಬಾರದು.)

ಭಾಸ್ಕರನಿಗಿಂತ ಮುನ್ನೂರು ವರ್ಷ ಹಿಂದೆ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಬರೆದನು. 'ಕವಿರಾಜಮಾರ್ಗ'ದ ನೃಪತುಂಗನೆಂದು ನಾವು ಬಲ್ಲ ಅಮೋಘವರ್ಷನನ್ನು ಆತನು ಗ್ರಂಥಾರಂಭದಲ್ಲಿ ಸ್ತುತಿಸಿರುವನು. ಕೆಲವು ಗುಣಾಕಾರಗಳ ಫಲವು ಎರಡು ಕಡೆಯಿಂದ ಓದಿದರೂ ಒಂದೇ ಆಗಿರುವುದನ್ನು ಕಂಡು ಆತನು ಅದನ್ನು ಅರಸನ ಕೊರಳ ಹಾರಕ್ಕೆ ಹೋಲಿಸಿದನು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ. ಇಂತಹ ಹಾರವನ್ನು ಇನ್ನೂ ಒಂದು ಪೋಣಿಸಿ ತನ್ನಿರೆಂದು ಹೇಳಿ ಕಳುಹಿಸಿದರೆ ಮಕ್ಕಳು ಒಂದು ವಾರ ತೆಪ್ಪಗಿರುತ್ತಾರೆ. ಭಟ್ಕಳದ ಚಂದ್ರನಾಥೇಶ್ವರ ಬಸದಿಯ ಮುಂದೆ ಹಾದು ಶಾಲೆಗೆ ಹೋಗುವ ಹುಡುಗರಿಗೆ, ಜೈನ ಆಚಾರ್ಯನೊಬ್ಬನು ತಮಗಾಗಿ ಸಾವಿರದ ನೂರು ವರ್ಷಗಳಿಗೂ ಹಿಂದೆ ಆಟದ ಸಾಮಾನನ್ನು ಮಾಡಿಟ್ಟಿದ್ದನೆಂದರೆ ಆಶ್ಚರ್ಯವಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನೆಂಬುದನ್ನು ನಮ್ಮ ಸುಶಿಕ್ಷಿತರಲ್ಲಿಯೂ ಎಷ್ಟು ಮಂದಿ ಬಲ್ಲರು?

ಆಚಾರ್ಯರ ಮಾತಿರಲಿ, ಬಡ ಮಾಸ್ತರರ ಮಾತಿಗೆ ಬರೋಣ. ನಮ್ಮ ಜಿಲ್ಲೆಯೂ ನಾಸಿಕವೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಕಾಪ್ರೇಕರ (1905–1986) ಎಂಬ ಶಾಲಾಮಾಸ್ತರರಿದ್ದರು. ಎಲ್ಲವೂ ಒಂದೇ ಆಗಿರದ ಯಾವ ನಾಲ್ಕು ಅಂಕೆಗಳನ್ನಾದರೂ ತೆಗೆದುಕೊಂಡು, ಅವುಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯುತ್ತ ಹೋದರೆ, ಏಳು ಸಲಕ್ಕಿಂತ ಹೆಚ್ಚಾಗದೆ 6174 ಬಂದೇ ಬರುವುದೆಂಬುದು ಅವರು ಕಂಡ ಚಮತ್ಕಾರ. 3524ರಿಂದ ಹೊರಡಿರಿ: 5432ರಲ್ಲಿ 2345 ಹೋಗಿ 3087, ಮುಂದೆ 8352, ಅದರ ಮುಂದೆ 6174. ಇದಕ್ಕೆ ಬೇಕಾದುದು ಐದನೆಯ ಇಯತ್ತೆಯ ವ್ಯವಕಲನ ಮಾತ್ರ.

ಹಂಗೇರಿ ದೇಶದ ಗ್ಯೋರ್ ಎಂಬ ಪಟ್ಟಣದಲ್ಲಿ ದಾನಿಯೆಲ್ ಅರಾನಿ ಎಂಬ ಇನ್ನೊಬ್ಬ ಮಾಸ್ತರನು 1894ರಲ್ಲಿ ಶಾಲಾಬಾಲಕರಿಗಾಗಿ ಒಂದು ಗಣಿತದ ಮಾಸಪತ್ರಿಕೆಯನ್ನು ಆರಂಭಿಸಿದನು. ತಿಂಗಳಿಗೊಮ್ಮೆ ಲೆಕ್ಕಗಳು ಅಚ್ಚಾಗುವುವು. ಮಕ್ಕಳು ಬಿಡಿಸಿ ಟಪಾಲಿನಲ್ಲಿ ಕಳುಹಿಸುವರು. ಉತ್ತಮವಾದ ದಾರಿಯನ್ನು ಬಿಡಿಸಿದವನ ಹೆಸರಿನೊಡನೆ ಪ್ರಕಟಿಸುವರು. ಮುಂದೆ ಜಗತ್ಪ್ರಸಿದ್ಧನಾದ ಪಾಲ್ ಏರ್ಡೋಶನು ಹುಡುಗನಾಗಿದ್ದಾಗ ಅದರ ಲೆಕ್ಕಗಳನ್ನು ಬಿಡಿಸಿದವನೇ. ಆ ದೇಶವು ಹಿರಿಯ ಗಣಿತಜ್ಞರ ಒಂದು ಪರಂಪರೆಯನ್ನೇ ಪಡೆದುದಕ್ಕೆ ಈ ಪತ್ರಿಕೆಯೂ ಒಂದು ಕಾರಣವೆಂದು ತಿಳಿದವರು ಹೇಳುತ್ತಾರೆ. ನಮ್ಮ ಸಂಪಾದಕರು ಮುನಿಯದಿದ್ದರೆ ಒಂದು ಮಾತು: ಕವಿತೆಗಳು ಅರ್ಧ ಪುಟದಲ್ಲಿ ಮುಗಿದಾಗ ಕೆಳಗೆ ಉಳಿಯುವ ಬಿಳಿ ಜಾಗದಲ್ಲಿ ತಿಂಗಳಿಗೊಂದು ಲೆಕ್ಕ ಹಿಡಿಯಲಾರದೆ?

ಸ್ಪರ್ಧೆಗಳು ಈಗ ಬೇಕಾದಷ್ಟಿವೆ. 1965ರಲ್ಲಿ ಸ್ಥಾಪಿತವಾದ ಭಾರತೀಯ ಗಣಿತ ಶಿಕ್ಷಕರ ಸಂಘವು ಚೆನ್ನೈಯಿಂದ ನಡೆಸುವ ಪರೀಕ್ಷೆಯಲ್ಲಿ ಏಳು ಎಂಟನೆಯ ಇಯತ್ತೆಯವರಿಗೆಂದೇ ಒಂದು ವಿಭಾಗವುಂಟು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿಗೆ ನಮ್ಮ ದೇಶದ ಮಕ್ಕಳು 1989ರಿಂದ ಹೋಗುತ್ತಿರುವರು. ನಮ್ಮ ರಾಜ್ಯದಲ್ಲಿ ಅಕ್ಷರ ಫೌಂಡೇಶನ್ ಸಂಸ್ಥೆಯು ಗ್ರಾಮಪಂಚಾಯತಿಗಳ ಮಟ್ಟದಲ್ಲಿ ನಾಲ್ಕರಿಂದ ಆರನೆಯ ಇಯತ್ತೆಯ ಮಕ್ಕಳಿಗಾಗಿ ಗಣಿತಸ್ಪರ್ಧೆಗಳನ್ನು ನಡೆಸಿದೆ. ಇವುಗಳನ್ನು ನಾನು ಹಳಿಯುವವನಲ್ಲ. ಒಳ್ಳೆಯ ಸ್ಪರ್ಧೆಯ ಪ್ರಶ್ನೆಪತ್ರಿಕೆಯೆಂದರೆ ನನಗೆ ಹಬ್ಬದ ಅಡಿಗೆ. ನನ್ನ ಹಲಗೆಯ ಅರ್ಧ ಲೆಕ್ಕಗಳು ಅವುಗಳಿಂದಲೇ ಬಂದವು. ಆದರೆ ಗಡಿಯಾರವಿಟ್ಟು ನಡೆಸುವ ಊಟದಲ್ಲಿ ಬೇಗ ಉಣ್ಣುವವನೇ ರಸಿಕನೆಂದು ತೀರ್ಮಾನವಾಗುವುದುಂಟು. ನಿಧಾನವಾಗಿ ಜಗಿಯುವವರ ಗತಿಯೇನು?

ಕಳೆದ ವರ್ಷ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಇಂತಹ ಒಂದು ಸ್ಪರ್ಧೆಗೆ ಹೋಗಿಬಂದಳು. ಅವಳ ತಾಯಿ ಮಲ್ಲಿಗೆ ಕಟ್ಟಿ ಬಸ್‌ಸ್ಟ್ಯಾಂಡಿನ ಬಳಿಯಲ್ಲಿ ಮಾರುವವಳು. ಐವತ್ತು ಪ್ರಶ್ನೆ, ಒಂದು ತಾಸು. ಹುಡುಗಿಗೆ ಬಂದ ಅಂಕ ಹನ್ನೊಂದು. ಶಾಲೆಯಲ್ಲಿ ಗೆಳತಿಯರು ನಕ್ಕರಂತೆ. ಮರುವಾರ ತಾಯಿಯೇ ಜಗಲಿಗೆ ಬಂದು, "ಇವಳಿಗೆ ಲೆಕ್ಕ ಬರೂದಿಲ್ಲ ಮಾಸ್ತರೇ. ಇನ್ನು ಕಳಸೂದಿಲ್ಲ. ಮನೇಲಿ ಕೂತು ಹೂವಾದ್ರೂ ಕಟ್ಟಲಿ" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಗಳನ್ನು ಮತ್ತೊಂದು ಅವಮಾನದಿಂದ ತಪ್ಪಿಸಬೇಕೆಂಬ ಮರುಕವಿತ್ತು. ನಾನು ಪ್ರಶ್ನೆಪತ್ರಿಕೆಯನ್ನು ತರಿಸಿ ನೋಡಿದೆನು. ಹುಡುಗಿ ಮುಟ್ಟಿದುದೇ ಹನ್ನೊಂದು ಪ್ರಶ್ನೆಗಳನ್ನು. ಮುಟ್ಟಿದ ಹನ್ನೊಂದೂ ಸರಿ. ಇದನ್ನು ತಾಯಿಗೆ ತಿಳಿಸಿ ಹೇಳಿದೆನಾದರೂ ಅವಳಿಗೆ ನಂಬಿಕೆ ಬರಲಿಲ್ಲ. ಕೊನೆಗೆ, ಹೂವನ್ನು ಇಲ್ಲಿಯೇ ಕೂತು ಕಟ್ಟುವುದಾದರೆ ಬರಲಿ ಎಂದು ಒಪ್ಪಿಹೋದಳು.

ಎರಡು ರವಿವಾರ ಹುಡುಗಿ ಜಗಲಿಯ ಮೂಲೆಯಲ್ಲಿ ಬುಟ್ಟಿಯನ್ನಿಟ್ಟುಕೊಂಡು ತಲೆಯೆತ್ತದೆ ಹೂ ಕಟ್ಟಿದಳು. ಮೂರನೆಯ ವಾರದ ಲೆಕ್ಕವು ಹೀಗಿತ್ತು: ಕೆರೆಗೆ ಹತ್ತು ಮೆಟ್ಟಿಲುಗಳಿವೆ, ಒಂದು ಹೆಜ್ಜೆಗೆ ಒಂದು ಮೆಟ್ಟಿಲನ್ನಾಗಲಿ ಎರಡನ್ನಾಗಲಿ ಏರಬಹುದು, ಕೆಳಗಿನಿಂದ ಮೇಲಕ್ಕೆ ಎಷ್ಟು ವಿಧವಾಗಿ ಏರಬಹುದು? ನಮ್ಮಲ್ಲಿ ಅತಿ ಚುರುಕಾದ ಹುಡುಗನು ಒಂದೊಂದಾಗಿ ಪಟ್ಟಿ ಮಾಡುತ್ತ ಹೊರಟನು. ನಾಲ್ಕು ಮೆಟ್ಟಿಲಿಗೆ ಐದು ವಿಧ, ಐದಕ್ಕೆ ಎಂಟು ಎಂಬಲ್ಲಿಯವರೆಗೆ ಸುಖವಾಗಿ ಸಾಗಿತು. ಎಂಟು ಮೆಟ್ಟಿಲಿಗೆ ಬಂದಾಗ ಒಮ್ಮೆ ಮೂವತ್ತಮೂರು ಬಂತು, ಇನ್ನೊಮ್ಮೆ ಮೂವತ್ತೈದು. ಸೀಮೆಸುಣ್ಣವನ್ನು ಕೆಳಗಿಟ್ಟನು.

ಆಗ ಮೂಲೆಯಿಂದ, "ಇದು ಅಣ್ಣನ ಮಾತ್ರೆ ಪಾಠ ಅಲ್ವಾ ಅಜ್ಜಾ?" ಎಂಬ ದನಿ ಬಂತು. ಹೈಸ್ಕೂಲಿನಲ್ಲಿರುವ ಅಣ್ಣನು ಛಂದಸ್ಸಿನ ಪಾಠವನ್ನು ರಾತ್ರಿ ಗಟ್ಟಿಯಾಗಿ ಓದುತ್ತಿದ್ದುದು ಅವಳ ಕಿವಿಯ ಮೇಲೆ ಬಿದ್ದಿತ್ತು: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ, ಐದು ಮಾತ್ರೆಯ ಗಣ. ಅವಳು ಬುಟ್ಟಿಯಿಂದ ಮೊಗ್ಗುಗಳನ್ನು ತೆಗೆದು ನೆಲದ ಮೇಲೆ ಸಾಲಾಗಿಟ್ಟಳು. ಒಂಟಿ ಮೊಗ್ಗು ಲಘು, ಜೋಡಿ ಮೊಗ್ಗು ಗುರು. ಐದು ಮಾತ್ರೆಯ ಸಾಲಿನ ಕೊನೆಯಲ್ಲಿ ಒಂಟಿ ಮೊಗ್ಗಿದ್ದರೆ ಅದರ ಹಿಂದೆ ಇರುವುದು ನಾಲ್ಕು ಮಾತ್ರೆ. ಜೋಡಿಯಿದ್ದರೆ ಹಿಂದೆ ಇರುವುದು ಮೂರು. ಆದುದರಿಂದ ನಾಲ್ಕರ ಐದು ವಿಧಗಳನ್ನೂ ಮೂರರ ಮೂರು ವಿಧಗಳನ್ನೂ ಕೂಡಿದರೆ ಐದರ ಎಂಟು ವಿಧಗಳು. "ಹಿಂದಿನ ಎರಡನ್ನು ಕೂಡಿಸ್ತಾ ಹೋದ್ರಾಯ್ತು. ಪಟ್ಟಿ ಯಾಕೆ?" ಎಂದಳು. 13, 21, 34, 55, 89. ಹಲಗೆಯ ಮೇಲೆ ಬರೆದವನು ಆ ಚುರುಕು ಹುಡುಗನೇ. ಬರೆದಾದ ಮೇಲೆ ಅವಳ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, "ಇನ್ನೊಂದ್ಸಲ ತೋರಿಸು" ಎಂದು ಮೂರು ಸಲ ಕೇಳಿದನು. ಅವಳು ಮೂರು ಸಲವೂ ಮೊಗ್ಗುಗಳನ್ನು ಕಲಸಿ ಮೊದಲಿನಿಂದ ಇಟ್ಟು ತೋರಿಸಿದಳು.

ಈ ಸಂಖ್ಯೆಗಳಿಗೆ ಪಾಶ್ಚಾತ್ಯರು ಇಟಲಿಯ ಲಿಯೊನಾರ್ಡೊ ಫಿಬೊನಾಚಿಯ ಹೆಸರನ್ನಿಟ್ಟಿರುವರು. ಆತನ ಗ್ರಂಥವು 1202ರದು. ಅದಕ್ಕಿಂತ ಮೊದಲೇ, ಹನ್ನೆರಡನೆಯ ಶತಮಾನದಲ್ಲಿ ಗುಜರಾತದ ಹೇಮಚಂದ್ರನೂ, ಆತನಿಗಿಂತ ಎಷ್ಟೋ ಹಿಂದೆ ವಿರಹಾಂಕನೂ ಮಾತ್ರಾವೃತ್ತಗಳನ್ನು ಎಣಿಸುತ್ತ ಇದೇ ನಿಯಮವನ್ನು ಹೇಳಿದ್ದರು. ಹುಡುಗಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ಹೊರಟ ಕಡೆಯಿಂದಲೇ ಅವಳೂ ಹೊರಟಿದ್ದಳು. ಅಣ್ಣನ ಬಾಯಿಪಾಠವೊಂದೇ ಅವಳಿಗಿದ್ದ ಆಧಾರ.

ತಾಯಿಗೆ ಈ ಸಂಗತಿಯನ್ನು ಹೇಳಿದೆನು. ಅವಳು ವಿರಹಾಂಕನ ವಿಚಾರವನ್ನು ಬಿಟ್ಟು, "ಆ ಚುರುಕು ಹುಡುಗ ಇವಳ ಹತ್ರ ಕೇಳಿ ಕಲಿತನಾ?" ಎಂದು ಅದೊಂದನ್ನೇ ಎರಡು ಸಲ ವಿಚಾರಿಸಿದಳು. ಅಂದಿನಿಂದ ಮಗಳನ್ನು ತಾನೇ ಕಳುಹಿಸುತ್ತಿದ್ದಾಳೆ. ಬುಟ್ಟಿ ಮಾತ್ರ ತಪ್ಪಿಲ್ಲ. ಹೂವು ಕಟ್ಟದಿದ್ದರೆ ಆ ಮನೆ ನಡೆಯುವುದಿಲ್ಲವೆಂಬುದನ್ನು ನಾನೂ ಬಲ್ಲೆನು. ಈ ವರ್ಷದ ಸ್ಪರ್ಧೆಗೆ ಹುಡುಗಿ ಹೆಸರನ್ನು ಕೊಟ್ಟಿಲ್ಲ. ನಾನೂ ಒತ್ತಾಯ ಮಾಡಿಲ್ಲ. ಅವಳಿಗೆ ಮನಸ್ಸಾದಾಗ ಹೋಗಲಿ.

ಕಳೆದ ರವಿವಾರದ ಲೆಕ್ಕವನ್ನು ಹಲಗೆಯ ಮೇಲೆ ಬರೆದವಳು ಅವಳೇ. ಅದೇ ಕೆರೆ, ಅದೇ ಹತ್ತು ಮೆಟ್ಟಿಲು, ಒಂದು ಹೆಜ್ಜೆಗೆ ಒಂದು ಇಲ್ಲವೆ ಎರಡು. ಆದರೆ ಮಳೆಗಾಲದಲ್ಲಿ ಆರನೆಯ ಮೆಟ್ಟಿಲು ಒಡೆದುಹೋಗಿದೆ, ಅದರ ಮೇಲೆ ಕಾಲಿಡುವಂತಿಲ್ಲ. ಈಗ ಎಷ್ಟು ವಿಧ? ಇಬ್ಬರು ಹುಡುಗರು ತಂದ ಉತ್ತರಗಳು ಬೇರೆ ಬೇರೆಯಾಗಿವೆ. ಇಬ್ಬರೂ ತಮ್ಮದೇ ಸರಿಯೆಂದು ಜಗಳವಾಡುತ್ತಿದ್ದಾರೆ. ನನಗೆ ಉತ್ತರ ತಿಳಿದಿದ್ದರೂ ಹೇಳುವಂತಿಲ್ಲ.