ನಮ್ಮ ಶಾಲೆಯ ನೆರೆಹೊರೆ

ಕಳೆದ ಮಾರ್ಗಶಿರದ ಒಂದು ಶನಿವಾರ, ಅರ್ಧ ದಿನದ ಪಾಠಗಳು ಮುಗಿದ ಬಳಿಕ, ನಾವು ಏಳನೆಯ ತರಗತಿಯ ಮಕ್ಕಳೊಡನೆ ಪಾತಾಳೇಶ್ವರಕ್ಕೆ ಹೊರಟೆವು. ಮುಂಜಾನೆ ಒಬ್ಬ ಹುಡುಗನು ಕೇಳಿದ ಪ್ರಶ್ನೆಯೇ ಇದಕ್ಕೆ ಕಾರಣ. "ಗುರುಗಳೇ, ಅವ್ವ ಬಸ್ಸಿನಲ್ಲಿ ಕನ್ನಡ ಮಾತಾಡಿದರೆ ನನಗೆ ನಾಚಿಕೆಯಾಗುತ್ತದೆ. ಈ ಪುಣೆಯಲ್ಲಿ ನಮ್ಮದು ಎಂಬುದೇನಿದೆ?" ನಮಗೆ ಒಡನೆಯೇ ಉತ್ತರ ತೋಚಲಿಲ್ಲ. ಹೊಟ್ಟೆಪಾಡಿಗಾಗಿ ಈ ಊರನ್ನು ಸೇರಿದ ನಮ್ಮ ಮನದಲ್ಲಿಯೂ ಆ ಪ್ರಶ್ನೆಯು ಹಲವು ಬಾರಿ ಎದ್ದುದುಂಟು.

ಜಂಗಲಿ ಮಹಾರಾಜ ರಸ್ತೆಯ ಗದ್ದಲವನ್ನು ಬಿಟ್ಟು ಒಳಹೊಕ್ಕರೆ ಒಮ್ಮೆಲೇ ತಂಪು. ಎಂಟನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಕರಿಕಲ್ಲಿನ ಬಂಡೆಯನ್ನೇ ಕೊರೆದು ಮಾಡಿದ ಗುಡಿಯಿದು. ಇಟ್ಟಿಗೆಯಿಲ್ಲ, ಗಾರೆಯಿಲ್ಲ. ಅಂಗಳದ ನಡುವೆ ದುಂಡನೆಯ ನಂದಿಮಂಟಪ. ಕೊಡೆಯಂತಹ ಅದರ ಮಾಡು ಕೂಡ ಕಲ್ಲಿನದೇ. ಕೆಲಸವು ಪೂರ್ತಿಯಾಗದೆ ನಿಂತಿತೆಂಬುದನ್ನು ಒಳಗಿನ ಒರಟು ಕಂಬಗಳೇ ಹೇಳುತ್ತವೆ. ಮಕ್ಕಳು ಅವುಗಳನ್ನು ಎಣಿಸತೊಡಗಿದರು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕೂಡಲಿಲ್ಲ.

ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ 758 ಮತ್ತು 768ರ ತಾಮ್ರಪಟಗಳಲ್ಲಿ ಈ ಸೀಮೆಗೆ ಪುಣ್ಯ ವಿಷಯ, ಪುನಕ ವಿಷಯ ಎಂಬ ಹೆಸರುಗಳಿವೆ. ಮುಂದಿನ ಶತಮಾನದಲ್ಲಿ ನಮ್ಮ 'ಕವಿರಾಜಮಾರ್ಗ'ವು ಹುಟ್ಟಿದ್ದು ಇದೇ ವಂಶದ ನೃಪತುಂಗನ ಆಸ್ಥಾನದಲ್ಲಿ. ಇಷ್ಟನ್ನು ಹೇಳುತ್ತಲೇ ನಮ್ಮ ಹುಡುಗನು, "ಹಾಗಾದರೆ ಇದು ನಮ್ಮದೇ!" ಎಂದು ಕೂಗಿದನು. ಅದೇ ಹೊತ್ತಿಗೆ ಮರಾಠಿ ಅಜ್ಜಿಯೊಬ್ಬರು ನಂದಿಗೆ ಹೂವೇರಿಸಿ ಕೈಮುಗಿಯುತ್ತಿದ್ದರು. ಅವರದಲ್ಲವೆನ್ನಲು ನಮಗೆಲ್ಲಿದೆ ಬಾಯಿ? ಹುಡುಗನೂ ಅವರನ್ನು ನೋಡಿ ಸುಮ್ಮನಾದನು. ಅಜ್ಜಿ ಎಲ್ಲರಿಗೂ ಸಕ್ಕರೆ ಹಂಚಿದರು.

ಅಲ್ಲಿಂದ ಫರ್ಗ್ಯುಸನ್ ಕಾಲೇಜಿನವರೆಗೆ ನಡೆದೆವು. 1885ರಲ್ಲಿ ಸ್ಥಾಪಿತವಾದ ಈ ಕಾಲೇಜಿನಲ್ಲಿಯೇ ಧಾರವಾಡದ ದ. ರಾ. ಬೇಂದ್ರೆಯವರು ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು. ಗದಗ ಸೀಮೆಯ ಭೀಮಸೇನ ಜೋಶಿಯವರೂ ಈ ಊರನ್ನೇ ಮನೆಮಾಡಿಕೊಂಡು, ಕುಂದಗೋಳದವರಾದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗಾಗಿ 1953ರಲ್ಲಿ ಸಂಗೀತೋತ್ಸವವನ್ನು ಆರಂಭಿಸಿದರು. ಜೋಶಿಯವರು 2011ರಲ್ಲಿ ತೀರಿಕೊಂಡರೂ ಉತ್ಸವವು ನಿಂತಿಲ್ಲ. ಚಳಿಯಲ್ಲಿ ಶಾಲು ಹೊದ್ದು ಕುಳಿತು ಕೇಳುವ ಪುಣೆಯ ಜನರು ಗವಾಯಿಯ ಮನೆಮಾತು ಯಾವುದೆಂದು ಕೇಳುವುದಿಲ್ಲ. ಇದನ್ನು ಹೇಳುವಾಗ ಮಕ್ಕಳ ಗಮನವೆಲ್ಲ ಕಬ್ಬಿನಹಾಲಿನ ಗಾಡಿಯ ಮೇಲಿತ್ತೆಂಬುದನ್ನೂ ಒಪ್ಪಿಕೊಳ್ಳಬೇಕು.

ಸೋಮವಾರ ಆ ಹುಡುಗನು ಬಂದು, ಭಾನುವಾರ ಅವ್ವನನ್ನು ಪಾತಾಳೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆನೆಂದನು. ಕಂಬಗಳೆಷ್ಟೆಂಬುದರಲ್ಲಿ ತಾಯಿ ಮಗನಿಗೆ ಒಮ್ಮತವಾಗದೆ, ಮರಳುವ ಬಸ್ಸಿನಲ್ಲಿ ಮನೆಯವರೆಗೂ ವಾದ ನಡೆಯಿತಂತೆ, ಕನ್ನಡದಲ್ಲಿಯೇ.