ಮೇ ತಿಂಗಳ ಈಜುಗಾರರು

ಗುಡವಿಗೆ ಜನ ಬರುವುದು ಮಳೆ ಹಿಡಿದ ಮೇಲೆ. ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರದ ಈ ಪುಟ್ಟ ಪಕ್ಷಿಧಾಮದ ಕೆರೆ ತುಂಬಿ, ನೀರಲ್ಲಿ ನಿಂತ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಬಿಳಿ ಐಬಿಸ್‌ಗಳು ಗೂಡು ಕಟ್ಟುವ ಹೊತ್ತಿಗೆ ರಸ್ತೆ ಬದಿಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಆ ಗುಡವಿ ಚೆಂದವೇ. ಆದರೂ ನನ್ನ ಮನಸ್ಸು ಎಳೆಯುವುದು ಮೇ ತಿಂಗಳ ಗುಡವಿಯ ಕಡೆಗೆ. ಮಾವು ಹಲಸಿನ ವಾಸನೆ, ಜಗುಲಿಯ ಮೇಲೆ ರಾಶಿ ಬಿದ್ದ ನೆಂಟರ ಬ್ಯಾಗು, ಊಟ ಮುಗಿಯುವುದೇ ತಡ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮಾಯವಾಗುವ ಮಕ್ಕಳು. ಪಕ್ಷಿಧಾಮದ ಕೆರೆಗೆ ಯಾರೂ ಇಳಿಯುವಂತಿಲ್ಲ, ಅದು ಹಕ್ಕಿಗಳದ್ದು. ಆದರೆ ಕೆರೆಗೆ ಬರವಿಲ್ಲದ ತಾಲ್ಲೂಕು ನಮ್ಮದು. ಬೇಸಿಗೆಯಲ್ಲೂ ಎದೆಮಟ್ಟ ನೀರುಳಿಸಿಕೊಂಡ ಕೆರೆಯೊಂದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ನಮ್ಮಲ್ಲಿ ಈಜು ಕಲಿಸಲು ಕೋಚ್ ಇಲ್ಲ, ಚಿಕ್ಕಪ್ಪನೋ ಸೋದರಮಾವನೋ ಇರುತ್ತಾರೆ. ಹಿಂದೆ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಈಗ ಆ ಜಾಗಕ್ಕೆ ಎಣ್ಣೆಯ ಖಾಲಿ ಕ್ಯಾನು, ಲಾರಿಯ ಟ್ಯೂಬು ಬಂದಿವೆ. ಬಾಳೆದಿಂಡಿನ ಮರ್ಯಾದೆಯಂತೂ ಇನ್ನೂ ಕಡಿಮೆಯಾಗಿಲ್ಲ. ಗೊನೆ ಕಡಿದ ಬಾಳೆಯ ದಿಂಡನ್ನು ಹೊತ್ತು ತಂದು ನೀರಿಗೆ ಉರುಳಿಸಿದರೆ ಸಾಕು. ಅದರ ಪಟ್ಟೆಯ ಒಳಗೆಲ್ಲ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿರುವುದರಿಂದ ನಾಲ್ಕು ಮಕ್ಕಳು ಜೋತು ಬಿದ್ದರೂ ತೇಲುತ್ತದೆ. ಮೊದಲು ಎರಡೂ ಕೈಯಲ್ಲಿ ದಿಂಡನ್ನು ಅಪ್ಪಿ ಕಾಲು ಬಡಿಯುವುದು, ಆಮೇಲೆ ಒಂದೇ ಕೈ. ಕೊನೆಗೊಂದು ದಿನ ಮಾವ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನಡೆಸುತ್ತಾ ನಡೆಸುತ್ತಾ, ಹೇಳದೆ ಕೇಳದೆ ಕೈ ತೆಗೆದುಬಿಡುತ್ತಾರೆ. ಮಗು ಎರಡು ಗುಟುಕು ನೀರು ಕುಡಿದು, ಕೆಮ್ಮಿ, ನಾಯಿ ಈಜು ಹೊಡೆದು ದಡ ಮುಟ್ಟುತ್ತದೆ. ಅಲ್ಲಿಗೆ ಅದು ಈಜು ಬಲ್ಲ ಮಗು. ಮುಂದಿನದೆಲ್ಲ ಏರಿಯ ಮೇಲಿಂದ ಡೈ ಹೊಡೆಯುವುದು, ಮುಳುಗಿ ಕಲ್ಲು ತರುವುದು, ಚಳಿ ಹತ್ತಿದಾಗ ಮೇಲೆ ಬಂದು ಹಾವಕ್ಕಿ ರೆಕ್ಕೆ ಒಣಗಿಸುವ ಹಾಗೆ ಎರಡೂ ಕೈ ಚಾಚಿ ಬಿಸಿಲಿಗೆ ನಿಲ್ಲುವುದು.

ಬೆಂಗಳೂರಿನಿಂದ ಬರುವ ನನ್ನ ತಮ್ಮನ ಮಗಳ ಈಜು ಬೇರೆ ಥರದ್ದು. ಹನ್ನೆರಡು ವರ್ಷದ ಹುಡುಗಿ, ಕೋಳಿ ಕೂಗುವ ಹೊತ್ತಿಗೆ ಕೊಳದಲ್ಲಿರುತ್ತಾಳೆ. ಮಳೆ, ಚಳಿ, ಪರೀಕ್ಷೆ ಯಾವುದಕ್ಕೂ ರಜೆಯಿಲ್ಲ. ಬರೀ ಕಾಲು ಬಡಿಯುವುದಕ್ಕೆ ಒಂದು ಹೊತ್ತು, ಬರೀ ಕೈಗೆ ಇನ್ನೊಂದು ಹೊತ್ತು, ಗೋಡೆ ಮುಟ್ಟಿ ಲಾಗ ಹಾಕಿ ತಿರುಗುವುದಕ್ಕೆ ಮತ್ತೊಂದು. ಬೆಂಗಳೂರಿನಲ್ಲಿ ಈ ಶ್ರದ್ಧೆಗೆ ದೊಡ್ಡ ಪರಂಪರೆಯೇ ಇದೆ. ನಿಶಾ ಮಿಲ್ಲೆಟ್ 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಹೋದರು, 2004ರಲ್ಲಿ ಶಿಖಾ ಟಂಡನ್ ಅಥೆನ್ಸ್‌ಗೆ. ಶ್ರೀಹರಿ ನಟರಾಜ್ 2021ರಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿ ಟೋಕಿಯೊಗೆ ನೇರ ಅರ್ಹತೆ ಪಡೆದರು. 2024ರಲ್ಲಿ ಪ್ಯಾರಿಸ್‌ಗೆ ಹೋದ ಭಾರತ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು ಬೆಂಗಳೂರಿನ ಧಿನಿಧಿ ದೇಸಿಂಗು, ಆಗ ಅವಳಿಗೆ ಹದಿನಾಲ್ಕು. ಚಿಕ್ಕಂದಿನಲ್ಲಿ ನೀರೆಂದರೆ ಹೆದರುತ್ತಿದ್ದೆ ಎಂದು ಅವಳೇ ಹೇಳಿಕೊಂಡಿದ್ದಾಳೆ. ನೀರಿಗಿಳಿಯಲು ಅಳುವ ಮಗುವನ್ನು ಕಂಡಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಇಂಥ ಹುಡುಗಿಯನ್ನೂ ಬಾಳೆದಿಂಡಿನ ಹುಡುಗರನ್ನೂ ಒಂದೇ ನೀರಿಗೆ ಬಿಟ್ಟರೆ ಏನಾಗುತ್ತದೆ? ಹೋದ ಬೇಸಿಗೆಯಲ್ಲಿ ನಮ್ಮ ಕಣ್ಣೆದುರೇ ಆಯಿತು. ಕೆರೆಯ ಕಿರಿದಾದ ಮೂಲೆಯಲ್ಲಿ, ತೂಬಿನಿಂದ ಎದುರು ದಡದ ನೇರಳೆ ಮರಕ್ಕೆ ಪಂದ್ಯ. ದೊಡ್ಡವರಿಬ್ಬರು ಟ್ಯೂಬು, ಹಗ್ಗ ಹಿಡಿದು ನೀರಲ್ಲೇ ನಿಂತಿದ್ದರು. ನಮ್ಮ ಹುಡುಗಿ ಕ್ಯಾಪು ಕನ್ನಡಕ ಏರಿಸಿ ಧುಮುಕಿದಳು. ಹತ್ತು ಕೈ ಹಾಕುವಷ್ಟರಲ್ಲಿ ಉಳಿದವರೆಲ್ಲ ಹಿಂದೆ ಬಿದ್ದಿದ್ದರು. ಸದ್ದಿಲ್ಲ, ನೀರು ಚಿಮ್ಮುವುದಿಲ್ಲ, ಮೊಣಕೈ ಮಾತ್ರ ಎದ್ದು ಎದ್ದು ಇಳಿಯುತ್ತಿತ್ತು. ಏರಿಯ ಮೇಲಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಆಮೇಲೆ ಅವಳು ನಿಧಾನಕ್ಕೆ ಎಡಕ್ಕೆ ಸರಿಯತೊಡಗಿದಳು. ಕೊಳದ ತಳದಲ್ಲಿ ಕಪ್ಪು ಗೆರೆ ಇರುತ್ತದೆ, ಅದನ್ನು ನೋಡಿಕೊಂಡೇ ಅವಳು ನೇರ ಹೋಗುವವಳು. ನಮ್ಮ ಕೆರೆಯ ಕೆಂಪು ನೀರಿನಲ್ಲಿ ತನ್ನ ಅಂಗೈಯೇ ಕಾಣದು. ಜೊಂಡಿನ ಹತ್ತಿರ ಹೋಗಿ ತಲೆ ಎತ್ತಿದಾಗಲೇ ಅವಳಿಗೆ ಗೊತ್ತಾಗಿದ್ದು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ, ಕತ್ತು ಮೇಲಿಟ್ಟುಕೊಂಡು ನೇರಳೆ ಮರದಿಂದ ಕಣ್ಣು ತೆಗೆಯದೆ ಈಜುತ್ತಿದ್ದವನು, ಸಮಕ್ಕೆ ಬಂದಿದ್ದ. ಹಾಗಿದ್ದೂ ಅವಳೇ ಗೆದ್ದಳು, ಎರಡು ಮಾರಿನಿಂದ.

ನನಗೆ ರುಚಿಸಿದ್ದು ಆಮೇಲಿನ ಮಾತು. ಇಬ್ಬರೂ ಏದುಸಿರು ಬಿಡುತ್ತಾ ನೇರಳೆಯ ಬೇರಿನ ಮೇಲೆ ಕೂತಿದ್ದರು.

"ಅಕ್ಕಾ, ಮುಖ ಒಳಗೇ ಇಟ್ಕಂತೀಯಲ್ಲ, ಮೂಗಿಗೆ ನೀರು ಹೋಗಲ್ವ?"

"ನೀರೊಳಗೆ ಉಸಿರು ಬಿಡ್ತಾ ಇರಬೇಕು ಕಣೋ. ಹೊರಗೆ ಬಂದಾಗ ಬರೀ ತಗೋಬೇಕು. ನೀನು ಎರಡೂ ಹೊರಗೇ ಮಾಡ್ತೀಯ, ಅದಕ್ಕೇ ಸುಸ್ತಾಗತ್ತೆ."

ಹುಡುಗ ಅಲ್ಲೇ ಸೊಂಟಮಟ್ಟ ನೀರಲ್ಲಿ ನಿಂತು ಮುಖ ಅದ್ದಿ ಬುಳುಬುಳು ಗುಳ್ಳೆ ಬಿಟ್ಟ. ಮತ್ತೆ ಬಿಟ್ಟ. ಸಂಜೆಯವರೆಗೆ ಅದೇ ಕೆಲಸ. ಅವಳೂ ಸುಮ್ಮನಿರಲಿಲ್ಲ. ನಾಲ್ಕಾರು ಕೈಗೊಮ್ಮೆ ಕಣ್ಣಷ್ಟನ್ನೇ ಮೇಲೆತ್ತಿ ಮರ ನೋಡಿಕೊಂಡು ಮತ್ತೆ ಮುಖ ಇಳಿಸುವುದನ್ನು ಅವನಿಂದ ಕಲಿತಳು. 2008ರಿಂದ ಒಲಿಂಪಿಕ್ಸ್‌ನಲ್ಲಿ ನಡೆಯುತ್ತಿರುವ 10 ಕಿಲೋಮೀಟರ್ ಬಯಲು ನೀರಿನ ಈಜಿನಲ್ಲಿ ಎಲ್ಲರೂ ಮಾಡುವುದು ಇದನ್ನೇ. ಅದನ್ನು ಅವಳಿಗೆ ಹೇಳಿಕೊಟ್ಟವನು ಕೊಳವನ್ನೇ ಕಾಣದ ಹುಡುಗ.

ಊರ ಕೆರೆಯಲ್ಲಿ ಇಷ್ಟು ಸಲೀಸಾದದ್ದು ಪಟ್ಟಣದ ಕೊಳದಲ್ಲಿ ಕಷ್ಟವಾಗುತ್ತದೆ. ಬೇಸಿಗೆ ಶಿಬಿರದ ಕೊನೆಯ ದಿನದ ಪಂದ್ಯವೊಂದರಲ್ಲಿ, ಆ ಬೇಸಿಗೆಯಷ್ಟೇ ಈಜು ಕಲಿತ ಮಗುವೊಂದು ವರ್ಷವಿಡೀ ಅಭ್ಯಾಸ ಮಾಡುವವರ ಜೊತೆ ನಿಂತು, ಅವರೆಲ್ಲ ಮುಗಿಸಿ ಟವೆಲ್ಲು ಸುತ್ತಿಕೊಂಡ ಮೇಲೂ ಒಂದೇ ಈಜುತ್ತಿದ್ದುದನ್ನು ಕಂಡಿದ್ದೇನೆ. ಪಕ್ಕದಲ್ಲಿ ಕೂತಿದ್ದ ಅದರ ತಾಯಿ "ಇವರ ಜೊತೆ ಯಾಕಾದರೂ ಬಿಡಬೇಕಿತ್ತು" ಎಂದು ಕಣ್ಣೊರೆಸಿಕೊಂಡರು. ಆ ನೋವು ನಿಜ. ಆದರೆ ಈ ಎರಡು ಥರದ ಮಕ್ಕಳನ್ನೂ ಬೇರೆ ಮಾಡುವುದೇ ಅದಕ್ಕೆ ಮದ್ದು ಎಂದು ನನಗನ್ನಿಸುವುದಿಲ್ಲ. ಬೇರೆ ಮಾಡಿದರೆ ಬೇಸಿಗೆಯ ಮಗುವಿಗೆ ಒಳ್ಳೆಯ ಈಜನ್ನು ಮಾರು ದೂರದಿಂದ ನೋಡುವ ಅವಕಾಶವೇ ತಪ್ಪುತ್ತದೆ. ವರ್ಷವಿಡೀ ಈಜುವ ಮಗುವಿಗೆ ಈಜು ಮೊದಲು ಒಂದು ಆಟ ಎಂಬುದೇ ಮರೆತುಹೋಗುತ್ತದೆ.

ಅಮೆರಿಕದಲ್ಲಿ ಬಡಾವಣೆಗೊಂದು ಬೇಸಿಗೆ ಈಜು ತಂಡ ಕಟ್ಟುವ ಪದ್ಧತಿ ಹಳೆಯದು. ಉತ್ತರ ವರ್ಜೀನಿಯಾದ ಬೇಸಿಗೆ ಲೀಗ್ 1956ರಿಂದ ನಡೆದು ಬಂದಿದೆ. ಅಲ್ಲಿ ಶನಿವಾರದ ಪಂದ್ಯ ವೇಗದವರಿಗೆ, ವಾರದ ನಡುವಿನ ಪಂದ್ಯ ಉಳಿದವರು ತಮ್ಮ ಸಮಯ ಸುಧಾರಿಸಿಕೊಳ್ಳಲು. ತಂಡ ಮಾತ್ರ ಒಂದೇ, ಕೊಳವೂ ಒಂದೇ. 2012ರಲ್ಲಿ ಹದಿನೈದನೆಯ ವಯಸ್ಸಿಗೇ ಲಂಡನ್ನಿನಲ್ಲಿ 800 ಮೀಟರ್ ಚಿನ್ನ ಗೆದ್ದ ಕೇಟಿ ಲೆಡೆಕಿ, ಮೇರಿಲ್ಯಾಂಡಿನ ತಮ್ಮ ಬಡಾವಣೆಯ ಇಂಥದೇ ಬೇಸಿಗೆ ತಂಡದಲ್ಲಿ ಆರು ವರ್ಷದವರಿದ್ದಾಗ ಈಜಲು ಶುರು ಮಾಡಿದವರು. ಆಗ ಅವರೂ ಬೇಸಿಗೆಯ ಮಗುವೇ.

ನಮ್ಮ ಶಿಬಿರಗಳೂ ಮಾಡಬಹುದಾದ್ದು ಬೇಕಾದಷ್ಟಿದೆ. ಹೆಚ್ಚುಕಡಿಮೆ ಒಂದೇ ವೇಗದವರನ್ನು ಒಂದು ಸುತ್ತಿಗೆ ನಿಲ್ಲಿಸಬಹುದು. ಮೊದಲ ವಾರದ ಸಮಯವನ್ನೂ ಕೊನೆಯ ವಾರದ ಸಮಯವನ್ನೂ ಮೈಕಿನಲ್ಲಿ ಓದಿದರೆ, ಹನ್ನೆರಡು ಸೆಕೆಂಡು ಉಳಿಸಿದ ಮಗುವಿಗೂ ಚಪ್ಪಾಳೆ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ರಿಲೇ ಇರಬೇಕು, ಪ್ರತಿ ತಂಡದಲ್ಲೂ ಇಬ್ಬರು ವರ್ಷವಿಡೀ ಈಜುವವರು, ಇಬ್ಬರು ಬೇಸಿಗೆಯವರು. ಆಗ ನಿಧಾನದ ಮಗು ಗೋಡೆ ಮುಟ್ಟುವುದನ್ನು ಕಾಯುತ್ತಾ ವೇಗದ ಮಗು ಗಂಟಲು ಹರಿಯುವಂತೆ ಅದರ ಹೆಸರು ಕೂಗಬೇಕಾಗುತ್ತದೆ.

ಪದಕದ ಮಾತು ಆಡುವಾಗ ನನ್ನ ಮನಸ್ಸಿನ ಹಿಂದೆ ಇನ್ನೊಂದು ಮಾತು ಇದ್ದೇ ಇರುತ್ತದೆ. 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕೆರೆಯ ಊರಿನವರಿಗೆ ಇದು ದೂರದ ಸುದ್ದಿಯಲ್ಲ. ಮಣ್ಣೆತ್ತಿದ ಕೆರೆಯಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಮೇಲಿಂದ ನೋಡಿದರೆ ಎರಡೂ ಒಂದೇ ಬಣ್ಣ. ಹಾಗಾಗಿ ದೊಡ್ಡವರಿಲ್ಲದೆ ಮಕ್ಕಳನ್ನು ನೀರಿಗೆ ಬಿಡುವುದಿಲ್ಲ. ಈಜು ಬರದ ಮಗು ನಮ್ಮ ಓಣಿಯಲ್ಲಿ ಇರಕೂಡದು ಎಂಬ ಹಟವೂ ನನಗಿದೆ. ಬೇಸಿಗೆಯಲ್ಲಷ್ಟೇ ಈಜುವ ಮಕ್ಕಳು ನನಗೆ ಇಷ್ಟು ದೊಡ್ಡವರಾಗಿ ಕಾಣುವುದು ಅದಕ್ಕೇ.

ಈ ಸಲ ನಮ್ಮ ಕೆರೆಯಲ್ಲೂ ರಿಲೇ ಎಂದು ಫೋನಿನಲ್ಲಿ ಆಗಲೇ ಮಾತುಕತೆ ಶುರುವಾಗಿದೆ. ಮೊದಲು ತಾನೇ ಹೋಗಿ ಮುಂದೆ ಮಾಡಿಕೊಡುತ್ತೇನೆ ಎನ್ನುತ್ತಾಳೆ ಬೆಂಗಳೂರಿನವಳು. ಪಕ್ಕದ ಮನೆಯವನು ಒಪ್ಪುತ್ತಿಲ್ಲ. "ನೀನು ಕೊನೆಗೆ ಬಾರಕ್ಕ. ನಾವು ಹಿಂದೆ ಬಿದ್ದರೆ ಎಳ್ಕಂಡು ಬರಕೆ ಯಾರಾದರೂ ಬೇಕಲ್ಲ. ಮರ ನೋಡ್ಕಂಡು ಈಜು, ಅಷ್ಟೆ."