ತನ್ನನ್ನು ತಾನೇ ಎಣಿಸುವ ಸಾಲು

ಮಠದ ಪಾಠಶಾಲೆಯಲ್ಲಿ ತರ್ಕಶಾಸ್ತ್ರ ಓದುವಾಗ ನಮ್ಮ ಗುರುಗಳು ಮೇಲಿಂದ ಮೇಲೆ ಎಚ್ಚರಿಸುತ್ತಿದ್ದರು: ನೂರು ಸಲ ಕಂಡ ಮಾತ್ರಕ್ಕೆ ಯಾವುದೂ ನಿಯಮವಾಗದು, ವ್ಯಾಪ್ತಿ ಸಿದ್ಧವಾಗದೆ ಅನುಮಾನ ನಿಲ್ಲದು. ಆ ಮಾತಿನ ತೂಕ ನನಗೆ ಅರವತ್ತು ದಾಟಿದ ಮೇಲೆ ತಿಳಿಯಿತು. ತಿಳಿಸಿದವಳು ನನ್ನ ಮೊಮ್ಮಗಳು.

ಕಾಲೇಜಿನಲ್ಲಿ ಗಣಿತ ಓದುತ್ತಿರುವ ಅವಳು ಒಂದು ಸಾಯಂಕಾಲ, ನನ್ನ ಪೂಜೆ ಮುಗಿದ ಮೇಲೆ, ಹಾಳೆಯೊಂದನ್ನು ಮುಂದಿಟ್ಟಳು. ಅದರಲ್ಲಿ 1, 2, 2, 1, 1, 2, 1, 2, 2, 1 ಎಂದು ಸಾಗುವ ಒಂದು ಸಾಲು. ಒಂದೇ ಅಂಕಿ ಬೆನ್ನು ಬೆನ್ನಿಗೆ ಬಂದುದನ್ನು ಒಂದು ಗುಂಪೆಂದು ಭಾವಿಸಿದರೆ, ಮೊದಲ ಗುಂಪಿನಲ್ಲಿ 1 ಅಂಕಿ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 2, ನಾಲ್ಕನೆಯದರಲ್ಲಿ 1. ಗುಂಪುಗಳನ್ನು ಎಣಿಸಿದರೆ ದೊರೆಯುವುದು ಮತ್ತೆ ಅದೇ ಸಾಲು! ಓಲ್ಡನ್‌ಬರ್ಗರ್ ಎಂಬವರು 1939ರಲ್ಲಿ, ಕೊಲಕೋಸ್ಕಿ ಎಂಬವರು 1965ರಲ್ಲಿ ಇದನ್ನು ಗಣಿತಜ್ಞರ ಮುಂದಿಟ್ಟರಂತೆ.

“ಅಜ್ಜಾ, ಇದರಲ್ಲಿ ಒಂದುಗಳು ಅರ್ಧ, ಎರಡುಗಳು ಅರ್ಧವೇ?” ಎಂದು ಕೇಳಿದಳು. ನಾನು ಕುಳಿತು ನೂರು ಅಂಕಿ ಬರೆದು ಎಣಿಸಿದೆ. ಒಂದುಗಳು 49, ಎರಡುಗಳು 51. “ಅರ್ಧವೇ, ಸಂಶಯವಿಲ್ಲ” ಎಂದು ತೀರ್ಪಿತ್ತೆ.

“ಎಣಿಸದೆ ಉಳಿದದ್ದು?” ಎಂದಳು. ನಾನು ಮೌನವಾದೆ.

ಆಗ ಅವಳೇ ಅಂಕಿಗಳನ್ನು ಬದಲಿಸಿ 2, 2, 4, 4, 2, 2, 2, 2, 4, 4, 4, 4 ಎಂದು ಬರೆದು ತೋರಿಸಿದಳು. ಇಲ್ಲಿ ಎರಡೂ ಸಮಸಂಖ್ಯೆಗಳಾದ್ದರಿಂದ ಅಂಕಿಗಳು ಜೋಡಿಯಾಗಿಯೇ ಬರುತ್ತವೆ. 2, 2 ಎಂಬ ಜೋಡಿಯಿಂದ ಮುಂದೆ ಎರಡು 2, ಎರಡು 4 ಹುಟ್ಟುತ್ತವೆ. 4, 4 ಎಂಬ ಜೋಡಿಯಿಂದ ನಾಲ್ಕು 2, ನಾಲ್ಕು 4. ಆದುದರಿಂದ ಅರ್ಧರ್ಧವೆಂಬುದು ಎಣಿಸದೆಯೇ ಸಿದ್ಧ. ಒಂದು-ಎರಡರ ಸಾಲಿಗೆ ಈ ಆಧಾರವಿಲ್ಲ. ಅದನ್ನು 2ರಿಂದ ಆರಂಭಿಸಿದರೂ ಮೊದಲ 1 ಮಾತ್ರ ಬಿಟ್ಟುಹೋಗುತ್ತದೆ, ಸಂಶಯ ಹಾಗೆಯೇ ಉಳಿಯುತ್ತದೆ. ಸಾಲು ಎಷ್ಟು ಬೆಳೆದರೂ ಕೊನೆಗೆ ಒಂದುಗಳ ಪ್ರಮಾಣ 0.50084ನ್ನು ಮೀರಿ ನಿಲ್ಲದೆಂದು ಖ್ವಾಟಲ್ ಎಂಬ ಗಣಿತಜ್ಞರು 1993ರಲ್ಲಿ ಸಾಧಿಸಿದರು. ಆದರೆ ಸರಿಯಾಗಿ ಅರ್ಧವೆಂದು ಇಂದಿಗೂ ಯಾರೂ ಸಿದ್ಧಪಡಿಸಿಲ್ಲ.

ಬಹುಕಾಲ ಪಾಠ ಹೇಳಿದವನಿಗೆ ಉತ್ತರ ಕೊಡುವುದೇ ರೂಢಿಯಾಗಿಬಿಡುತ್ತದೆ. ಮರುದಿನ ಬೆಳಿಗ್ಗೆ ಅವಳನ್ನು ಕರೆದು, “ನಿನ್ನೆಯ ನನ್ನ ಮಾತು ತಪ್ಪು ಮಗಳೇ, ಅದು ನನಗೆ ಗೊತ್ತಿಲ್ಲ” ಎಂದೆ. ಅವಳು ನಕ್ಕು, ಹಾಳೆಯನ್ನು ಮತ್ತೆ ನನ್ನ ಮುಂದೆ ಹರಡಿದಳು.

ಪ್ರಶ್ನೆಗೆ ಮನ್ನಣೆಯಿತ್ತ ಅನುಭವ ಮಂಟಪದ ಪರಂಪರೆ ನಮ್ಮದು. ಮನೆಯ ಮಕ್ಕಳು ಕೇಳಿದಾಗ, ತಿಳಿಯದುದನ್ನು ತಿಳಿಯದೆಂದು ಹೇಳುವ ಧೈರ್ಯ ಹಿರಿಯರಾದ ನಮಗಿರಲಿ.